ಅಪ್‌ಡೇಟ್: ಮನೆ ಸರ್ವರ್‌ಗೆ ಎನ್100 ತಗೊಂಡೆ

ಮನೆಯಲ್ಲಿ ಸದಾ ಆನ್ ಇರೋ ಸರ್ವರ್‌ಗೆ ಇಂಟೆಲ್‌ನ ಹಳೇ ಐ5-6500ಟಿ ಚಿಪ್ ಇರೋ ಸೆಕೆಂಡ್‌ಹ್ಯಾಂಡ್ ಆಫೀಸ್ ಪಿಸಿ ತಗೊಳ್ಳೋದಾ, ಇಂಟೆಲ್ ಎನ್100 ಚಿಪ್ ಇರೋ ಮಿನಿ ಪಿಸಿ ತಗೊಳ್ಳೋದಾ ಅಂತ ಇಲ್ಲಿ ಕೇಳಿದ್ದೆ. ಫೋಟೋ ಬ್ಯಾಕಪ್, ಜೆಲ್ಲಿಫಿನ್ (ನಮ್ಮ ವಿಡಿಯೋಗಳನ್ನ ಟಿವಿ, ಫೋನ್‌ಗೆ ಕಳಿಸೋ ಸಾಫ್ಟ್‌ವೇರ್), ಮನೆಯವರ ಫೈಲ್‌ಗಳು, ಇಷ್ಟೇ ಕೆಲಸ. ಎನ್100 ತಗೊಂಡೆ, ತುಂಬಾ ಖುಷಿಯಾಗಿದೆ.

ಟಿಡಿಪಿ (ಚಿಪ್ ಹೊರಹಾಕೋ ಶಾಖಕ್ಕೆ ಕಂಪನಿ ಕೊಡೋ ಲೆಕ್ಕ) ನೋಡಿ, ಐ5ದು 35 ವ್ಯಾಟ್, ಎನ್100ದು 6 ಅಂತ ಹಲವರು ಹೇಳಿದ್ರಿ. ಆದ್ರೆ ಅದು ಲೋಡ್ ಇದ್ದಾಗಿನ ಲೆಕ್ಕ. ಮನೆ ಸರ್ವರ್ ದಿನದ ಬಹುಪಾಲು ಸುಮ್ಮನೆ ಕೂತಿರುತ್ತೆ, ಆಗ ಇವೆರಡರ ನಡುವೆ ಅಷ್ಟು ಅಂತರ ಇರಲ್ಲ. ವರ್ಷಪೂರ್ತಿ 10 ವ್ಯಾಟ್ ಹೆಚ್ಚು ಎಳೆದರೂ 87.6 ಯೂನಿಟ್, ಅಷ್ಟೇ.

ನನಗೆ ನಿರ್ಣಾಯಕ ಆಗಿದ್ದು ವಿಡಿಯೋ. ಆ ಐ5ನಂಥ 6ನೇ ತಲೆಮಾರಿನ ಚಿಪ್‌ನಲ್ಲಿ 10-ಬಿಟ್ ಹೆಚ್‌ಇವಿಸಿ ಅನ್ನೋ ವಿಡಿಯೋ ಫಾರ್ಮ್ಯಾಟ್‌ಗೆ ಪೂರ್ತಿ ಹಾರ್ಡ್‌ವೇರ್ ಡಿಕೋಡ್ (ವಿಡಿಯೋ ಬಿಡಿಸೋಕಂತಲೇ ಚಿಪ್‌ನಲ್ಲಿರೋ ಭಾಗ) ಇಲ್ಲ, ಹೆಚ್ಚಿನ ಭಾರ ಸಿಪಿಯು ಕೋರ್‌ಗಳ ಮೇಲೆ ಬೀಳುತ್ತೆ. ಎನ್100 ಅದನ್ನಷ್ಟೇ ಅಲ್ಲ, ಎವಿ1 ಅನ್ನೋ ಹೊಸ ಫಾರ್ಮ್ಯಾಟ್ ಕೂಡ ಸಲೀಸಾಗಿ ಡಿಕೋಡ್ ಮಾಡುತ್ತೆ. ಅಮ್ಮ ಟಿವಿಯಲ್ಲಿ ಮದುವೆ ವಿಡಿಯೋ ನೋಡ್ತಿದ್ದಾಗ ಸಿಪಿಯು ಗ್ರಾಫ್ ತೆಗೆದು ನೋಡಿದೆ, ಗೆರೆ ಅಲುಗಾಡಲೇ ಇಲ್ಲ.

ಎನ್100ಗೆ ಮಿತಿಗಳೂ ಇವೆ. ಮೆಮೊರಿ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ), ಇಂಟೆಲ್ ಲೆಕ್ಕದಲ್ಲಿ ಗರಿಷ್ಠ 16 ಜಿಬಿ. ಡಿಸ್ಕ್, ಕಾರ್ಡ್ ಜೋಡಿಸೋಕೆ ಬೇಕಾದ ಪಿಸಿಐಇ ಲೇನ್ ಬರೀ 9. ನಾಲ್ಕೈದು ಡಿಸ್ಕ್ ಹಾಕೋರು, ವರ್ಚುವಲ್ ಮಷಿನ್ (ಒಂದೇ ಪಿಸಿಯೊಳಗೆ ಇನ್ನೊಂದು ಕಂಪ್ಯೂಟರ್) ಓಡಿಸೋರು ಹಳೇ ಡೆಸ್ಕ್‌ಟಾಪನ್ನೇ ನೋಡಿ.

ಇಲ್ಲಿ ತುಮಕೂರಲ್ಲಿ, ನಮ್ಮ ಬಟವಾಡಿ ಕಡೆ ಮಳೆ ಬಂದ್ರೆ ಕರೆಂಟ್ ನೆಚ್ಚಿಕೊಳ್ಳೋ ಹಾಗಿಲ್ಲ. ರೌಟರ್‌ಗಿದ್ದ ಚಿಕ್ಕ ಯುಪಿಎಸ್ ಬದಲು ರೌಟರ್, ಸರ್ವರ್ ಎರಡಕ್ಕೂ ಸಾಕಾಗೋ ಯುಪಿಎಸ್ ಹಾಕಿದೆ. ಬಯೋಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್‌ಗಳಿರೋ ಜಾಗ) ಕರೆಂಟ್ ಬಂದ ಕೂಡಲೇ ತಾನಾಗೇ ಆನ್ ಆಗೋ ಸೆಟ್ಟಿಂಗ್ ಮರೀದೇ ಹಾಕಿ.