ತಮ್ಮನಿಗೆ: ಆ ಕವರ್ ಮೊದಲು ಒಡೆದು ನೋಡು

ಪುಟ್ಟಾ, ಇಷ್ಟುದ್ದ ಟೈಪ್ ಮಾಡುತ್ತಾ ಕೂತರೆ ನನ್ನ ಬ್ರೇಕ್ ಮುಗಿದುಹೋಗುತ್ತದೆ, ಅದಕ್ಕೇ ನಮ್ಮ ಮನೆಯವರ ಗ್ರೂಪಿಗೆ ಮಾತಾಡಿ ಕಳಿಸುತ್ತಿದ್ದೇನೆ. ಕೆಲಸದ ಗಂಟೆ ಕಡಿಮೆ ಮಾಡಿದರು, ಚಾಪ್ಟರ್ 13ರ ಕಂತು 2 ತಿಂಗಳು ಕಟ್ಟಿಲ್ಲ, ಕೇಸ್ ವಜಾ ಮಾಡಿ ಅಂತ ಟ್ರಸ್ಟಿ (ನಮ್ಮ ಕಂತು ತಗೊಂಡು ಸಾಲ ಕೊಟ್ಟವರಿಗೆ ಹಂಚುವವರು) ಅರ್ಜಿ ಹಾಕಿದ್ದಾರೆ, ಹೊಸ ಕ್ರೆಡಿಟ್ ಕಾರ್ಡ್ ತಗೊಂಡು ಕಟ್ಟಿಬಿಡಲಾ ಅಂತ ಕೇಳಿದ್ದೀಯ. ಬೇಡ ಕಣೋ. ಕಂತಿನ ಪ್ಲಾನ್ ನಡೆಯುವಾಗ ಒಪ್ಪಿಗೆ ಇಲ್ಲದೆ ಹೊಸ ಸಾಲ ಮಾಡುವ ಹಾಗಿಲ್ಲ. ಸಾಲ ತೀರಿಸೋಕೆ ಸಾಲ ಮಾಡಿಯೇ ಅಲ್ವಾ ನಾವಿಬ್ಬರೂ ಇಲ್ಲಿಗೆ ಬಂದಿದ್ದು?

ಚಿಕ್ಕಮ್ಮ, ನೀವು ಗಾಬರಿಯಾಗಬೇಡಿ. ಚಾಪ್ಟರ್ 13 ಅಂದರೆ ಅಮೆರಿಕದ ದಿವಾಳಿ ಕಾನೂನಿನ ಒಂದು ಭಾಗ. 3ರಿಂದ 5 ವರ್ಷ ತಿಂಗಳಾ ಕಂತು ಕಟ್ಟಿ ಮನೆ ಉಳಿಸಿಕೊಳ್ಳುವ ದಾರಿ. ಯಾರೂ ಜೈಲಿಗೆ ಹೋಗಲ್ಲ.

ಯಾರೂ ನಗಬೇಡಿ, ಇದನ್ನು ಇವತ್ತೇ ಹೇಳುತ್ತಿರುವುದು. ನನ್ನ ಪ್ಲಾನಿನ ಮೂರನೇ ವರ್ಷ ಕಾರಿನ ಗೇರ್‌ಬಾಕ್ಸ್ ಹೋಯಿತು. ದುಡ್ಡೆಲ್ಲ ರಿಪೇರಿಗೆ ಸುರಿದೆ, ಕಂತು ನಿಂತಿತು. ಟ್ರಸ್ಟಿ ಆಫೀಸಿನ ಕವರನ್ನು ಒಡೆಯದೆ ಮೈಕ್ರೋವೇವ್ ಹಿಂದೆ ಸಿಕ್ಕಿಸಿಟ್ಟೆ. ಆಮೇಲೆ ಇನ್ನೊಂದು. ಮೂರನೆಯದು ನಿಮ್ಮ ಭಾವನ ಕೈಗೆ ಸಿಕ್ಕಿತು. ಉತ್ತರ ಕೊಡೋಕೆ ನಾಲ್ಕೇ ದಿನ ಉಳಿದಿತ್ತು! ವಕೀಲರಿಗೆ ಫೋನ್ ಮಾಡುವಾಗ ಬೈಸಿಕೊಳ್ಳೋಕೆ ತಯಾರಾಗಿ ನಿಂತಿದ್ದೆ. ಅವರು "ಪೇ ಸ್ಟಬ್ ಕಳಿಸಿ" ಅಂದರು, ಅಂದರೆ ಸಂಬಳದ ಚೀಟಿ, ಅಷ್ಟೇ. ಅವರಿಗೆ ಇದು ದಿನಾ ಇದ್ದದ್ದೇ.

ಪ್ಲಾನನ್ನು ತಿದ್ದಬಹುದು. ಆದಾಯ ಇಳಿದಿದೆ ಅಂತ ಕಾಗದ ತೋರಿಸಿ, ಕಂತು ಇಳಿಸಿ ಅಂತ ಕೋರ್ಟನ್ನು ಕೇಳಬಹುದು. ನಿಂದು 3 ವರ್ಷದ ಪ್ಲಾನ್, 5ರವರೆಗೆ ಎಳೆಯೋಕೆ ಜಾಗ ಇದೆ. ನಂದು ಮೊದಲೇ 5, ಅದಕ್ಕೇ ಕಾರ್ಡಿನವರಿಗೆ ಹೋಗುವ ಪಾಲು ಇಳಿಸಿದರು. ಮನೆ ಉಳಿಯಬೇಕಾದರೆ ಮನೆ ಸಾಲದ ಹಳೇ ಬಾಕಿ ಮಾತ್ರ ಪೂರ್ತಿ ಕಟ್ಟಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ.

ಸುಮ್ನೆ ಕೂತು ಕೇಸ್ ವಜಾ ಆಯಿತು ಅಂದುಕೋ. ಸಾಲ ಕೊಟ್ಟವರನ್ನು ತಡೆದಿಟ್ಟಿದ್ದ ಕೋರ್ಟಿನ ರಕ್ಷಣೆ ಹೋಗುತ್ತದೆ. ಒಂದು ವರ್ಷದೊಳಗೆ ಮತ್ತೆ ಕೇಸ್ ಹಾಕಿದರೂ ಆ ರಕ್ಷಣೆ 30 ದಿನ ಮಾತ್ರ, ಕೋರ್ಟ್ ಮುಂದುವರಿಸದಿದ್ದರೆ. ಚಾಪ್ಟರ್ 7ಕ್ಕೆ, ಅಂದರೆ ಆಸ್ತಿ ಮಾರಿ ಸಾಲ ತೀರಿಸೋ ದಾರಿಗೆ, ಬದಲಾಯಿಸೋ ಮಾತು ವಕೀಲರನ್ನು ಕೇಳದೆ ಆಡಬೇಡ, ಅದರಲ್ಲಿ ಮನೆಯೇ ಕೈಬಿಡಬಹುದು.

ನಿನಗೆ ಬಂದ ಟ್ರಸ್ಟಿ ಕವರಿನೊಳಗಿನ ಕಾಗದದಲ್ಲಿ, ಉತ್ತರ ಕೊಡೋ ಕೊನೇ ತಾರೀಖು ಇರುತ್ತದೆ. ಅದರ ಫೋಟೋ ನನಗೆ ಮಾತ್ರ ಕಳಿಸು, ಗ್ರೂಪಿಗೆ ಬೇಡ. ಸಂಜೆ ಐದರೊಳಗೆ ವಕೀಲರ ಆಫೀಸಿಗೆ ಇಬ್ಬರೂ ಸೇರಿ ಫೋನ್ ಮಾಡೋಣ. ಸರಿ, ಕರೀತಿದ್ದಾರೆ, ಇಡುತ್ತೇನೆ.