ಅಪ್‌ಡೇಟ್: ಒಂದೇ ಊದು, ಎರಡು ಪರ್ಸೆಂಟ್ ಯಾಕೆ?

ಹಿಂದೆ ಕೇಳಿದ್ದು ಇಷ್ಟು: ಆರೋಗ್ಯವಂತ ವಯಸ್ಕರೊಬ್ಬರ ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ) ಎರಡು ಸ್ಪೈರೋಮೀಟರ್‌ಗಳಲ್ಲೂ (ಊದಿದ ಗಾಳಿ ಅಳೆಯುವ ಯಂತ್ರ) 3.50 ಲೀಟರ್, ಆದರೆ ನಿರೀಕ್ಷಿತ ಅಂಕಿಗೆ ಹೋಲಿಸಿದರೆ ಒಂದರಲ್ಲಿ 78%, ಇನ್ನೊಂದರಲ್ಲಿ 88% ಯಾಕೆ?

ಕಾರಣ ಸಿಕ್ಕಿತು. ಊದಿದ್ದರಲ್ಲಿ ತಪ್ಪಿಲ್ಲ, ಭಾಗಿಸಿದ ಅಂಕಿಯೇ ಬೇರೆ. ಒಂದು ಯಂತ್ರ ಹಳೆಯ ಸಮೀಕರಣದಿಂದ (ಎತ್ತರ, ವಯಸ್ಸು ಮುಂತಾದವು ನೋಡಿ ಲೆಕ್ಕ ಹಾಕುವ ಸೂತ್ರ) 4.49 ಲೀಟರ್ ನಿರೀಕ್ಷಿಸಿತ್ತು, ಇನ್ನೊಂದು 3.98. ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಜಿಎಲ್‌ಐ 2022 ಅನ್ನುವ ಒಂದೇ ಹೊಸ ಸಮೀಕರಣ ಆರಿಸಿದ ಮೇಲೂ ಸುಮಾರು 4% ವ್ಯತ್ಯಾಸ ಉಳಿಯಿತು. ಅದು ಎತ್ತರದ ಆಟ: ಒಂದರಲ್ಲಿ 165 ಸೆಂ.ಮೀ., ಇನ್ನೊಂದರಲ್ಲಿ ಚಪ್ಪಲಿ ಸಮೇತ ಅಳೆದ 168. ಎಫ್‌ವಿಸಿ ಎತ್ತರದ ಜೊತೆ ನೇರ ಅನುಪಾತದಲ್ಲಲ್ಲ, ಅದಕ್ಕಿಂತ ವೇಗವಾಗಿ ಏರುತ್ತದೆ. ಹಾಗಾಗಿ ಬರಿಗಾಲು, ಗೋಡೆಗೆ ಹಿಮ್ಮಡಿ, "ನಿಮ್ಮ ಹೈಟ್ ಎಷ್ಟು?" ಅಂತ ಕೇಳಿ ಬರೆದುಕೊಳ್ಳುವುದು ಬೇಡವೇ ಬೇಡ. ನೆಟ್ಟಗೆ ನಿಲ್ಲಲಾಗದವರಿಗೆ ಚಾಚಿದ ತೋಳುಗಳ ಅಳತೆ.

ನಿರೀಕ್ಷಿತ ಅಂಕಿಯ 80%ಗಿಂತ ಕೆಳಗಿದ್ದರೆ ಕಡಿಮೆ ಅನ್ನುವ ಗೆರೆಯನ್ನೂ ಕೈಬಿಟ್ಟಾಯಿತು. ಝಡ್-ಸ್ಕೋರ್ (ಅಂಥದೇ ಆರೋಗ್ಯವಂತರ ಸರಾಸರಿಯಿಂದ ಎಷ್ಟು ದೂರ ಅನ್ನುವ ಅಂಕಿ) −1.645ಕ್ಕಿಂತ ಕೆಳಗಿದ್ದರೆ ಮಾತ್ರ ಕಡಿಮೆ. ಆರೋಗ್ಯವಂತರಲ್ಲೂ 5% ಜನ ಅಲ್ಲಿಗೇ ಬೀಳುತ್ತಾರೆ, ಅದೊಂದನ್ನೇ ನೋಡಿ ರೋಗ ಅನ್ನಬಾರದು. ಎಫ್‌ಇವಿ1/ಎಫ್‌ವಿಸಿಗೆ (ಮೊದಲ ಸೆಕೆಂಡಿನಲ್ಲಿ ಊದಿದ್ದು ಒಟ್ಟು ಊದಿದ್ದರ ಎಷ್ಟು ಭಾಗ) 0.70 ಅನ್ನುವ ಒಂದೇ ಗಡಿ ಇಟ್ಟರೆ ವಯಸ್ಸಾದವರಲ್ಲಿ ಇಲ್ಲದ ಶ್ವಾಸನಾಳದ ಅಡಚಣೆ ಕಾಣುತ್ತದೆ, ಯುವಕರಲ್ಲಿ ಇರುವುದು ತಪ್ಪಿಹೋಗುತ್ತದೆ.

ಇದೆಲ್ಲಕ್ಕೂ ಮೊದಲು, ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಅಂತ ನೋಡಲು 3 ಲೀಟರ್ ಗಾಳಿಯ ಸಿರಿಂಜ್ ತಳ್ಳಿದಾಗ 2.91ರಿಂದ 3.09ರೊಳಗೆ ಬರಬೇಕು. ಮೂರು ಒಳ್ಳೆಯ ಊದುಗಳಲ್ಲಿ ದೊಡ್ಡ ಎರಡರ ಅಂತರ 150 ಮಿ.ಲೀ. ಮೀರಬಾರದು.