ಅಂತರರಾಷ್ಟ್ರೀಯ ಸಂಬಂಧಗಳ ಪಾಠಕ್ಕೆ ಯಾವ ಡಿಜಿಟಲ್ ಸಾಧನ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ?

ಪಾಠದಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗೆ ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತೇನೆ. ಈ ಸಲ "ಡಿಜಿಟಲ್ ತಂತ್ರಜ್ಞಾನ ಬಳಸಿ" ಅಂತ ಮೇಲಿನಿಂದ ಸೂಚನೆ ಬಂದಿದೆ. ಬಳಸೋಕೆ ನನ್ನದೇನೂ ತಕರಾರಿಲ್ಲ. ಆದರೆ ಇದುವರೆಗೆ ಆಗಿದ್ದೇನು ಅಂದರೆ, ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಸ್ಲೈಡ್‌ಗೆ ಬಂತು, ನೋಟ್ಸ್ ಪಿಡಿಎಫ್ ಆಯಿತು, ಕೊನೆಗೊಂದು ಕಹೂಟ್ ಕ್ವಿಜ್. ಅಷ್ಟೇ. ಭದ್ರತಾ ಮಂಡಳಿಯಲ್ಲಿ ಎಷ್ಟು ಸದಸ್ಯರು ಅಂತ ಕೇಳಿದರೆ 15 ಅಂತ ಪಟ್ಟನೆ ಒತ್ತುತ್ತಾರೆ. ಮಂಡಳಿ ಯಾಕೆ ಪದೇ ಪದೇ ಕೈಕಟ್ಟಿ ಕೂರುತ್ತದೆ ಅಂತ ಕೇಳಿದರೆ ತರಗತಿಗೆ ತರಗತಿಯೇ ಗಪ್‌ಚುಪ್. ಈ ಎರಡನೇ ಥರದ ಪ್ರಶ್ನೆಗೆ ಬಾಯಿ ಬಿಡಿಸುವಂಥದ್ದು ಏನಾದರೂ ಇದೆಯಾ? ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ. ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ.

ಮತಪೆಟ್ಟಿಗೆ:
ಸಾಧನ ಹುಡುಕೋ ಬದಲು ಒಂದು ಮತದಾನ ಹಿಡಿದುಕೊಳ್ಳಿ ಸರ್. ಮಹಾಸಭೆಯಲ್ಲಿ ಯಾವ ದೇಶ ಯಾವ ಕಡೆ ಮತ ಹಾಕಿತು ಅನ್ನೋದು ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೇ ತೆರೆಯುತ್ತದೆ. ನಾನು ಕೊಡೋದು 2022ರ ಎರಡು ನಿರ್ಣಯ. ಮಾರ್ಚ್ 2ರದ್ದು ಉಕ್ರೇನ್ ಮೇಲಿನ ದಾಳಿಯ ವಿರುದ್ಧ: ಪರ 141, ವಿರೋಧ 5, ತಟಸ್ಥ 35. ಏಪ್ರಿಲ್ 7ರದ್ದು ರಷ್ಯಾವನ್ನು ಮಾನವ ಹಕ್ಕುಗಳ ಮಂಡಳಿಯಿಂದ ಅಮಾನತು ಮಾಡೋದು: ಪರ 93, ವಿರೋಧ 24, ತಟಸ್ಥ 58.

ಎರಡನ್ನೂ ಒಂದೇ ಗೂಗಲ್ ಶೀಟ್‌ಗೆ ತುಂಬಿಸಿ, ಒಬ್ಬೊಬ್ಬರಿಗೆ ನಾಲ್ಕೈದು ದೇಶ ಹಂಚಿ. ಗಲಾಟೆ ಶುರುವಾಗೋದು ಕೂಡುವ ಲೆಕ್ಕದಲ್ಲೇ. 141, 5, 35 ಸೇರಿದರೆ 181, ಸದಸ್ಯ ದೇಶಗಳು 193, ಹಾಗಾದರೆ ಮಿಕ್ಕ 12 ಎಲ್ಲಿ ಹೋದವು? ಕೆದಕಿದರೆ ಗೊತ್ತಾಗುತ್ತದೆ, ವೆನೆಜುವೆಲಾ ವಿಶ್ವಸಂಸ್ಥೆಯ ಬಾಕಿ ಕಟ್ಟದೆ ಮತದ ಹಕ್ಕನ್ನೇ ಕಳೆದುಕೊಂಡಿತ್ತು, ಮೊರಾಕ್ಕೊ ಮತದಾನದಲ್ಲಿ ಇರಲೇ ಇಲ್ಲ. ತಟಸ್ಥ ಅಂತ ಒತ್ತೋದೂ ಗೈರಾಗೋದೂ ಒಂದೇನಾ ಅಂತ ಅಲ್ಲಿಂದ ವಾದ ಹತ್ತಿಕೊಳ್ಳುತ್ತದೆ. ಏಪ್ರಿಲ್‌ನದ್ದು ಇನ್ನೂ ಚೆನ್ನಾಗಿದೆ. 93 ಅಂದರೆ ಸದಸ್ಯರಲ್ಲಿ ಅರ್ಧಕ್ಕಿಂತ ಕಮ್ಮಿ, ಮೂರರಲ್ಲಿ ಎರಡು ಪಾಲು ಬೇಕಾದ ನಿರ್ಣಯ ಪಾಸಾಗಿದ್ದು ಹೇಗೆ? ತಟಸ್ಥರನ್ನು ಲೆಕ್ಕಕ್ಕೇ ಹಿಡಿಯಲ್ಲ, 117ರಲ್ಲಿ 93, ಹಂಗೆ. ಸುಮ್ನೆ ಕೂತವನೂ ಫಲಿತಾಂಶ ಬದಲಾಯಿಸುತ್ತಾನೆ ಅಂತ ಅವರೇ ಕಂಡುಕೊಳ್ಳುತ್ತಾರೆ, ನೀವು ಬಾಯಿ ಬಿಡಬೇಕಿಲ್ಲ. ಮಾರ್ಚ್‌ನಲ್ಲಿ ತಟಸ್ಥವಾಗಿದ್ದ ಚೀನಾ ಏಪ್ರಿಲ್‌ನಲ್ಲಿ ವಿರೋಧಕ್ಕೆ ಹೋಯಿತು, ಭಾರತ ಎರಡೂ ಸಲ ತಟಸ್ಥ. ಪ್ರತಿನಿಧಿಗಳು ಕೊಟ್ಟ ಕಾರಣ ಸಭೆಯ ದಾಖಲೆಯಲ್ಲೇ ಇದೆ. ಅದನ್ನು ಓದಿಸಿ, ನಂಬ್ತೀರಾ ಇಲ್ವಾ, ಯಾಕೆ ಅಂತ ಅರ್ಧ ಪುಟ ಬರೆಸಿ.

ತಡರಾತ್ರಿ:
ಮೇಲಿನವರು ಹೇಳಿದ್ದು ಸರಿ. ನಾನು ಇನ್ನೊಂದು ಹೇಳ್ತೀನಿ, ಇದಕ್ಕೆ ಬರೀ ಇಮೇಲ್ ಸಾಕು. 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟನ್ನು ಆಡಿಸಿ, ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣು ಕ್ಷಿಪಣಿ ಇಟ್ಟಿದ್ದಕ್ಕೆ ಅಮೆರಿಕದ ಜೊತೆ ಯುದ್ಧದ ಅಂಚಿಗೆ ಹೋಗಿದ್ದು. ಒಂದು ಗುಂಪು ವಾಷಿಂಗ್ಟನ್, ಇನ್ನೊಂದು ಮಾಸ್ಕೋ, ಎಲ್ಲ ಪತ್ರವೂ ನಿಮ್ಮ ಇನ್‌ಬಾಕ್ಸ್ ಮೂಲಕವೇ ಹೋಗಬೇಕು. ನೀವು ಅದನ್ನು ತಕ್ಷಣ ಕಳಿಸಬೇಡಿ, ಶೆಡ್ಯೂಲ್ ಮಾಡಿ, ತಡವಾಗಿ ತಲುಪಲಿ. ಆಗ ನಿಜಕ್ಕೂ ಹಾಗೇ ಇತ್ತು, ಪತ್ರ ತಲುಪಿ ಅನುವಾದ ಆಗೋಷ್ಟರಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಸೋವಿಯತ್ ನಾಯಕ ಕ್ರುಶ್ಚೇವ್ ಅಕ್ಟೋಬರ್ 26ರಂದು ಮೆತ್ತಗಿನ ಪತ್ರ ಬರೆದ, ಅದಕ್ಕೆ ಉತ್ತರ ಹೋಗೋ ಮೊದಲೇ 27ರಂದು ಟರ್ಕಿಯಲ್ಲಿರೋ ಅಮೆರಿಕದ ಕ್ಷಿಪಣಿಗಳನ್ನೂ ತೆಗೀರಿ ಅನ್ನೋ ಗಡಸು ಪತ್ರ ಬಂತು. ವಾಷಿಂಗ್ಟನ್ ಗುಂಪಿಗೆ ಇವೆರಡನ್ನೂ ಹೀಗೇ ಒಂದರ ಹಿಂದೆ ಒಂದು ಬಿಡಿ, ನೋಡಿ ಮಜಾ. ಅಲ್ಲಿ ಒಳಗೇ ಎರಡು ಬಣ ಆಗುತ್ತದೆ.

ಮುಗಿದ ಮೇಲೆ ಅಮೆರಿಕ ಅಧ್ಯಕ್ಷ ಕೆನಡಿ ಸಭೆಗಳ ಅಸಲಿ ಧ್ವನಿಮುದ್ರಣದ ಒಂದು ತುಣುಕು ಕೇಳಿಸಿ, ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಆನ್‌ಲೈನ್‌ನಲ್ಲಿ ಇಟ್ಟಿದೆ. ಮುಂದಿನ ವರ್ಷ 1963ರಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಲೈನ್ ಯಾಕೆ ಹಾಕಿದರು ಅಂತ ಆಮೇಲೆ ವಿವರಿಸೋದೇ ಬೇಡ. (ಅದು ಸಿನಿಮಾದ ಕೆಂಪು ಫೋನ್ ಅಲ್ಲ, ಟೆಲಿಟೈಪ್, ಅಂದರೆ ಟೈಪ್ ಮಾಡಿದ ಸಂದೇಶ ಕಳಿಸೋ ಯಂತ್ರ. ಇದೊಂದು ಹೇಳಿ.)

ಅಡ್ಡಮಾತು:
ಎರಡೂ ಚೆನ್ನಾಗಿದೆ, ಆದರೂ ಎರಡು ತಕರಾರು. ಒಂದು, ಅಂಕಿಅಂಶ ತೋರಿಸಿದರೆ ಹುಡುಗರು ಅದನ್ನೇ ದೇವರ ವಾಕ್ಯ ಅಂದುಕೊಳ್ಳುತ್ತಾರೆ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಪ್ರಕಟಿಸಿದ 2023ರ ಸೇನಾ ಖರ್ಚು ತಗೊಳ್ಳಿ. ಡಾಲರ್ ಲೆಕ್ಕದಲ್ಲಿ ಅಮೆರಿಕ 916 ಬಿಲಿಯನ್, ಉಕ್ರೇನ್ 64.8 ಬಿಲಿಯನ್. ಜಿಡಿಪಿ ಪಾಲು ನೋಡಿದರೆ ಅಮೆರಿಕ ಶೇ. 3.4, ಉಕ್ರೇನ್ ಶೇ. 37. ಎರಡೂ ಗ್ರಾಫ್ ಅಕ್ಕಪಕ್ಕ ಇಡಿ, ಪತ್ರಿಕೆಯ ತಲೆಬರಹ ಒಂದಕ್ಕೊಂದು ಉಲ್ಟಾ ಬರುತ್ತದೆ.

ಎರಡನೇದು ಜಾಸ್ತಿ ಮುಖ್ಯ, ಯಾರೂ ಎತ್ತಲಿಲ್ಲ. ನಮ್ಮ ವಿಷಯ ರಾಜಕೀಯ ಸ್ವಾಮಿ, ಗಣಿತ ಅಲ್ಲ. ಆನ್‌ಲೈನ್ ತರಗತಿ ರೆಕಾರ್ಡ್ ಆಗ್ತಿದ್ದರೆ, ಚಾಟ್‌ನಲ್ಲಿ ಹೆಸರು ಕಾಣ್ತಿದ್ದರೆ ಯಾವನು ಮನಸ್ಸಿನ ಮಾತು ಆಡ್ತಾನೆ? ಸ್ಕ್ರೀನ್‌ಶಾಟ್ ಭಯ ಇದ್ದೇ ಇರುತ್ತದೆ. ಚರ್ಚೆ ಹೊತ್ತಲ್ಲಿ ರೆಕಾರ್ಡಿಂಗ್ ನಿಲ್ಲಿಸಿ, ಅಭಿಪ್ರಾಯ ಕೇಳುವಾಗ ಮೆಂಟಿಮೀಟರ್ ಅನ್ನೋ ಆನ್‌ಲೈನ್ ಮತ ಸಂಗ್ರಹ ಸಾಧನದಲ್ಲಿ ಹೆಸರಿಲ್ಲದೆ ಕೇಳಿ. ಲಂಡನ್ನಿನ ಚಿಂತಕರ ಸಂಸ್ಥೆ ಚಾಟಮ್ ಹೌಸ್‌ನ ನಿಯಮ ಇದೆಯಲ್ಲ, 1927ರದ್ದು, ಕೇಳಿದ್ದನ್ನು ಬಳಸಬಹುದು, ಹೇಳಿದ್ದು ಯಾರು ಅಂತ ಬಿಟ್ಟುಕೊಡುವಂತಿಲ್ಲ. ಮೊದಲ ದಿನವೇ ಅದನ್ನು ತರಗತಿಯ ನಿಯಮ ಮಾಡಿ.

ಪಾಠದಮೇಷ್ಟ್ರು:
ಮೂವರಿಗೂ ಥ್ಯಾಂಕ್ಸ್. ರೆಕಾರ್ಡಿಂಗ್ ವಿಚಾರ ನನ್ನ ತಲೆಗೇ ಬಂದಿರಲಿಲ್ಲ. ಒಂದೇ ಅನುಮಾನ, ಅರ್ಧ ಪುಟ ಬರೀರಿ ಅಂದರೆ ಚಾಟ್‌ಜಿಪಿಟಿ ಹತ್ತಿರ ಬರೆಸಿಕೊಂಡು ಬರ್ತಾರಲ್ವಾ?

ಮತಪೆಟ್ಟಿಗೆ:
ಬರ್ತಾರೆ, ತಡೆಯೋಕಾಗಲ್ಲ. ಅದನ್ನೇ ಕೆಲಸ ಮಾಡಿಬಿಡಿ. ಚಾಟ್‌ಬಾಟ್ ಕೊಟ್ಟ ಉತ್ತರವನ್ನು ಪ್ರಿಂಟ್ ತರಲಿ, ಅದರಲ್ಲಿರೋ ಒಂದೊಂದು ನಿರ್ಣಯ ಸಂಖ್ಯೆ, ದಿನಾಂಕ, ಮತದ ಲೆಕ್ಕವನ್ನೂ ಡಿಜಿಟಲ್ ಲೈಬ್ರರಿಯ ದಾಖಲೆ ಜೊತೆ ತಾಳೆ ನೋಡಲಿ, ತಪ್ಪಿದ್ದರೆ ಕೆಂಪು ಪೆನ್ನಲ್ಲಿ ತಿದ್ದಲಿ. ಎಲ್ಲೂ ಇಲ್ಲದ ನಿರ್ಣಯವನ್ನೂ ಚಾಟ್‌ಬಾಟ್ ಧೈರ್ಯವಾಗಿ ಹುಟ್ಟಿಸುತ್ತದೆ. ಅಂಕ ಬರೋದು ತಿದ್ದಿದ್ದಕ್ಕೆ ಮಾತ್ರ.

ತಡರಾತ್ರಿ:
ಕ್ಯೂಬಾ ಆಟಕ್ಕೆ ಆ ಚಿಂತೆ ಅಷ್ಟಿಲ್ಲ. ಪತ್ರ ಕಳಿಸಿದವರು ಎದ್ದು ನಿಂತು, ಈ ಸಾಲು ಯಾಕೆ ಹಾಕಿದಿರಿ ಅಂತ ಎದುರು ಗುಂಪು ಕೇಳಿದ್ದಕ್ಕೆ ಉತ್ತರ ಕೊಡಬೇಕು ಅಂತ ಮಾಡಿ. ಬಾಟ್ ಬರೆದದ್ದಾದರೆ ಅಲ್ಲೇ ತಡವರಿಸುತ್ತಾರೆ.